ಮೂವತ್ತೊಂಬತ್ತನೆಯ ಮೆಟ್ಟಿಲು

ವಾಲ್ಪರೈಸೊದ ನಮ್ಮ ಗುಡ್ಡಕ್ಕೆ
ನೂರ ಅರವತ್ತೆಂಟು ಮೆಟ್ಟಿಲು.
ಎಣಿಸಿದ್ದು ನಾನಲ್ಲ, ಅನಕ್ಲೆತೊ.
ಮೂವತ್ತೊಂದು ವರ್ಷ ಕೇಬಲ್ ಬಂಡಿಯ ಹಿಡಿಕೆ ಹಿಡಿದು
ಊರನ್ನೆಲ್ಲ ಮೇಲೆ ಹತ್ತಿಸಿದವನು,
ಒಂದು ದಿನವೂ ಮೆಟ್ಟಿಲು ತುಳಿದವನಲ್ಲ.

ದುರಸ್ತಿಗೆಂದು ಬಂಡಿ ನಿಲ್ಲಿಸಿದರು.
ಆಮೇಲೆ ಗೊತ್ತಾಯಿತು,
ಅವನೊಳಗೂ ಒಂದು ಅರ್ಧದಲ್ಲೇ ನಿಂತಿದೆಯೆಂದು:
ಮೂವತ್ತೊಂಬತ್ತನೆಯ ಮೆಟ್ಟಿಲಲ್ಲಿ,
ನೀಲಿ ತಗಡಿನ ಮನೆಯೆದುರು,
ಎದೆಯ ಮೇಲೆ ಯಾರೋ ಬಂದು ಕೂತಂತೆ.
"ಗ್ಯಾಸು" ಎಂದ.
ಎಡಗೈ, ದವಡೆ, ಬೆನ್ನು, ಎಲ್ಲ ಗ್ಯಾಸು.

ದೊಡ್ಡಾಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ತಂತಿ ತೂರಿ
ಚಿತ್ರ ತೆಗೆದರು.
ಡಾಕ್ಟರಮ್ಮ ಪೈಯಾಕಾನ್, ನನ್ನ ಕಿರಿಮಗಳ ವಯಸ್ಸು,
ಪರದೆಯಲ್ಲಿ ತೋರಿಸಿದಳು:
ಇಲ್ಲಿ ಸಪೂರ, ಇಲ್ಲಿ ಇನ್ನೂ ಸಪೂರ.
ಇವನು ಅಂಗಿಯ ಗುಂಡಿ ತಾನೇ ಬಿಚ್ಚತೊಡಗಿದ,
ಕೊಯ್ಯುವುದಾದರೆ ಈಗಲೇ ಕೊಯ್ದುಬಿಡಿ ಎಂಬಂತೆ.
"ಹಾಕಿಕೊಳ್ಳಿ. ನಿಮಗೆ ಸದ್ಯ ಕತ್ತಿ ಬೇಡ.
ಮಾತ್ರೆ. ನಡಿಗೆ. ಅಡುಗೆಮನೆ."
ಅಡುಗೆಮನೆ ಎನ್ನುವಾಗ ನನ್ನ ಕಡೆ ನೋಡಿದಳು.

ನೋಡದೆ ಇನ್ನೇನು.
ಬಂಡಿ ನಿಲ್ದಾಣದ ಕೆಳಗೆ ಬಾಣಲೆ ಇಟ್ಟವಳು ನಾನು.
ಹಂದಿಕೊಬ್ಬಿನಲ್ಲಿ ಕರಿದ ಎಂಪನಾಡ,
ಮೊದಲ ಒಬ್ಬೆ ಯಾವತ್ತೂ ಅವನಿಗೆ.
ಮದುವೆಯಾದದ್ದೇ ಜಿಡ್ಡಿನ ಕಾಗದ
ಕಿಟಕಿಯಲ್ಲಿ ದಾಟಿಸುತ್ತ ದಾಟಿಸುತ್ತ.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ;
ತಿನ್ನಿಸಿದವರು ಏನು ಕುಡಿಯಬೇಕು?

ಆ ರಾತ್ರಿ ಬಾಣಲೆ ತೊಳೆದು ಬೋರಲು ಹಾಕಿದೆ.
ಅವನು ಸಿಗರೇಟಿನ ಪೊಟ್ಟಣ ಅದರಡಿ ತಳ್ಳಿದ.
ಬೆಳಿಗ್ಗೆ ತೆಗೆದುಕೊಂಡ. ರಾತ್ರಿ ಮತ್ತೆ ತಳ್ಳಿದ.
ಹನ್ನೊಂದು ದಿನ ಹೀಗೆ.
ಹನ್ನೆರಡನೆಯ ದಿನ ಅದು ಅಲ್ಲೇ ಉಳಿಯಿತು.

ಬೇಯಿಸಿದ ಬೀನ್ಸ್ ಕಾಳು, ಸಿಹಿಗುಂಬಳ, ನಿಂಬೆ ಹಿಂಡಿದ ಮೀನು.
ಮೊದಲ ವಾರ ತಟ್ಟೆಯನ್ನು ನೋಡಿದ,
ಹೆಣದ ಗುರುತು ಹಿಡಿಯಲು ಕರೆಸಿದವರ ಹಾಗೆ.
ಸಪ್ಪೆ, ಎಂದ. ಅಷ್ಟೇ ಮಾತು.
ನಾನೂ ಅದನ್ನೇ ಉಂಡೆ.
ಪ್ರೀತಿಯೇನಲ್ಲ ಅದು, ಹಳೆಯ ಬಾಕಿ.

ಮಾತ್ರೆಗಳಿಗೆ ಅವನೇ ಹೆಸರಿಟ್ಟ.
ಬಿಳಿಯದು ಪಾದ್ರಿ, ಗುಲಾಬಿಯದು ಅತ್ತಿಗೆ,
ಎದೆಬಡಿತ ತಗ್ಗಿಸುವುದು ಬ್ರೇಕು
(ಅದೊಂದನ್ನು ಮಾತ್ರ ಮರೆಯುವುದಿಲ್ಲ).
ನಾಲಗೆಯಡಿ ಇಡುವುದಕ್ಕೆ ಹೆಸರಿಲ್ಲ.
ಅದು ಅಂಗಿಯ ಜೇಬಿನಲ್ಲಿ,
ಟಿಕೆಟಿಗೆ ತೂತು ಹಾಕುವ ಹಳೆಯ ಇಕ್ಕಳದ ಜೊತೆ.

ಬೆಳಿಗ್ಗೆ ಇಪ್ಪತ್ತು ಮೆಟ್ಟಿಲು, ನಿಲ್ಲು. ಇನ್ನು ಐದು, ನಿಲ್ಲು.
ಜೊತೆಗೊಂದು ಕುಂಟುನಾಯಿ, ಯಾರದೂ ಅಲ್ಲದ್ದು.
ಅದು ನಿಂತರೆ ಇವನಿಗೆ ನೆಪ, ಇವನು ನಿಂತರೆ ಅದಕ್ಕೆ.
ಚಳಿಗಾಲ ಮುಗಿಯುವಾಗ ನೋವು ಐವತ್ತೆರಡಕ್ಕೆ ಸರಿಯಿತು,
ಜನವರಿಗೆ ತೊಂಬತ್ತಕ್ಕೆ.
ಅಂದೇ ಜಂಬಕ್ಕೆ ಪಕ್ಕದಮನೆಯ ಸಿಲಿಂಡರ್ ಹೊತ್ತ.
ನಾನು ಕಂಡಾಗ ಮೆಟ್ಟಿಲ ಮೇಲೆ ಕೂತಿದ್ದ, ಬೂದಿಬಣ್ಣ,
ಬಾಯಿ ಬಿಗಿದುಕೊಂಡು, ನಾಲಗೆಯಡಿ ಗುಳಿಗೆ.
ಐದು ನಿಮಿಷ ಗಡಿಯಾರ ನೋಡಿದೆ.
ಬಯ್ಯಬೇಕೆಂದಿದ್ದೆ. ನಾಯಿಗೆ ಬೈದೆ.

"ದೊಡ್ಡ ನಾಳ ಕಿರಿದಾದರೆ
ಸುತ್ತಲ ಸಣ್ಣವು ಕೆಲವರಲ್ಲಿ ನಿಧಾನ ಅಗಲವಾಗುತ್ತವೆ,
ಮಾತು ಕೊಡಲಾರೆ," ಎಂದಳು ಡಾಕ್ಟರಮ್ಮ.
ಅನಕ್ಲೆತೊ ನಕ್ಕುಬಿಟ್ಟ.
ಗುಡ್ಡ ಕುಸಿದ ವರ್ಷ ಮೆಟ್ಟಿಲೇ ಇರಲಿಲ್ಲ ನಮಗೆ;
ಹಿತ್ತಲಲ್ಲಿ, ಬಟ್ಟೆಹಗ್ಗದ ಅಡಿಯಲ್ಲಿ,
ಕೋಳಿಗೂಡಿನ ಹಿಂದೆ ಜನ ನಡೆನಡೆದೇ ದಾರಿಯಾಯಿತು.
ಇವತ್ತಿಗೂ ಅದು ನಕಾಶೆಯಲ್ಲಿಲ್ಲ.
"ಇದೂ ಆ ಗುಡ್ಡದ್ದೇ" ಎಂದು ಎದೆ ತಟ್ಟಿಕೊಂಡ,
ಮೆಲ್ಲಗೆ.

ಈ ಜೂನಿನ ಗಾಳಿಮಳೆಗೆ ನೋವು ಮತ್ತೆ ಎಪ್ಪತ್ತಕ್ಕೆ ಇಳಿದಿದೆ.
ತುದಿ ಇನ್ನೂ ಮುಟ್ಟಿಲ್ಲ.
ರಾತ್ರಿ ಅವನ ಬೆನ್ನಿಗೆ ಕಿವಿಯಿಟ್ಟು ಎಣಿಸುತ್ತೇನೆ,
ನಿಮಿಷಕ್ಕೆ ಐವತ್ತಾರು, ಐವತ್ತೇಳು.
ನಿದ್ದೆಗಣ್ಣಲ್ಲೇ ಕೇಳುತ್ತಾನೆ:
ಮೇಲಕ್ಕೋ, ಕೆಳಕ್ಕೋ?
ಎಲ್ಲಿಗೂ ಇಲ್ಲ, ಎನ್ನುತ್ತೇನೆ.
ಬಾಗಿಲು ಹಾಕು, ಚಳಿ.